ಪ್ಲಮ್ ಮರಕ್ಕೆ ನಿದ್ದೆ ಹತ್ತದ ಚಳಿಗಾಲ

ಲೋಕ ಇನ್ನೂ ಹೊಸದಾಗಿತ್ತು. ಹಿಮಕ್ಕೆ ಬೀಳಲು ಗೊತ್ತಿತ್ತು, ನಿಲ್ಲಲು ಗೊತ್ತಿರಲಿಲ್ಲ.

ಆಗ ಜಪಾನಿನ ಒಂದು ಬೆಟ್ಟದ ಬುಡದಲ್ಲಿ ಕಿನು ಅಜ್ಜಿಯ ತೋಟವಿತ್ತು. ಚಳಿಗಾಲ ಬರುವ ಮುಂಚೆ ಅಜ್ಜಿ ಪ್ರತಿ ಮರದ ಕಾಂಡಕ್ಕೂ ಹುಲ್ಲಿನ ಚಾಪೆ ಸುತ್ತಿ ಹಗ್ಗ ಬಿಗಿಯುತ್ತಿದ್ದಳು.

“ಮಲಗಿ ಇನ್ನು. ಎದ್ದ ಮೇಲೆ ಮೊದಲು ಎಲೆ, ಆಮೇಲೆ ಹೂ. ಮರೀಬೇಡಿ.”

ಆ ವರ್ಷ ಎಲ್ಲ ಮರಗಳೂ ಮಲಗಿದವು. ಪ್ಲಮ್ ಮರಕ್ಕೆ ಮಾತ್ರ ನಿದ್ದೆ ಹತ್ತಲಿಲ್ಲ. ಹುಲ್ಲಿನೊಳಗೆ ಏನೋ ಪಟಪಟ ಎನ್ನುತ್ತಿತ್ತು.

“ಯಾರದು?”

“ನಾನಕ್ಕಾ, ಬೆಳ್ಗಣ್ಣ. ಹೊರಗೆ ಚಳಿ.”

ಹಸಿರು ಮೈಯ ಪುಟ್ಟ ಹಕ್ಕಿ. ಕಣ್ಣ ಸುತ್ತ ಬಿಳಿ ಉಂಗುರ.

“ನಿನ್ನ ಎದೆ ಬಡಿತಕ್ಕೆ ನನಗೆ ನಿದ್ದೆ ಬರ್ತಿಲ್ಲ ಕಣೋ.”

“ಹಸಿವಕ್ಕಾ. ಇಲ್ಲಿನ ಹುಳ ಎಲ್ಲ ತಿಂದಾಯ್ತು. ಒಂದು ಹೂವಿನ ಜೇನು ಸಿಕ್ಕಿದ್ರೆ ಸಾಕಿತ್ತು.”

“ಹೂವಾ? ಮೊದಲು ಎಲೆ ಬರಬೇಕು.”

“ಎಲೆ ಯಾವಾಗ?”

“ಹಿಮ ನಿಂತ ಮೇಲೆ.”

ಹಿಮ ನಿಲ್ಲಲಿಲ್ಲ. ಪಟಪಟ ಸದ್ದು ಪಟ, ಪಟ ಎಂದಾಯಿತು. ಆಮೇಲೆ ಅದೂ ಕೇಳದಂತಾಯಿತು. ಮರಕ್ಕೆ ಬೇಕಿದ್ದ ಮೌನ ಸಿಕ್ಕಿತ್ತು. ಈಗಂತೂ ನಿದ್ದೆಯ ಸುಳಿವೇ ಇಲ್ಲ.

“ಬೆಳ್ಗಣ್ಣಾ?”

“ಇದ್ದೀನಕ್ಕಾ.” ದನಿ ನೂಲಿನಷ್ಟಿತ್ತು.

ಪಕ್ಕದ ಮೇಪಲ್ ಮರ ಗೊಣಗಿತು. “ಇದು ಹೋದರೆ ಇನ್ನೊಂದು ಹಕ್ಕಿ ಬರುತ್ತೆ. ಮಲಗೇ ಸುಮ್ಮನೆ.”

ಪ್ಲಮ್ ಮರ ಮಗ್ಗುಲು ಬದಲಿಸಲು ನೋಡಿತು. ಮರಕ್ಕೆ ಮಗ್ಗುಲೆಲ್ಲಿಯದು? ಬೇಸಿಗೆಯಲ್ಲಿ ಎಲೆಗಳು ಮಾಡಿಟ್ಟ ಸಿಹಿ ಬೇರಿನಲ್ಲಿತ್ತು. ಎಲೆಗೂ ಅದೇ, ಹೂವಿಗೂ ಅದೇ. ಈಗಲೇ ತೆಗೆದರೆ ವಸಂತದಲ್ಲಿ ಎಲೆಗೆ ಸಾಲದೆ ಹೋಗಬಹುದು. ಎಲೆ ಬಾರದ ಮರ ಒಣಗುತ್ತದೆ.

“ಬೆಳ್ಗಣ್ಣಾ?”

ಉತ್ತರ ಬರಲಿಲ್ಲ.

ಮರ ಬೇರಿನಿಂದ ಸಿಹಿಯನ್ನು ಎಳೆದು ಮೇಲಕ್ಕೆ ನೂಕಿತು. ಹುಲ್ಲಿನ ಅಂಚಿನಲ್ಲೇ, ಹಕ್ಕಿಯ ಕೊಕ್ಕಿನ ಪಕ್ಕ, ಒಂದು ಹೂ ಬಿರಿಯಿತು. ಎಷ್ಟೋ ಹೊತ್ತಿನ ಮೇಲೆ ಕೊಕ್ಕು ಅಲುಗಿತು.

ಬಡಗಣ ಗಾಳಿ ನಕ್ಕಿತು. “ಇದೇನೇ ಇದು, ಸೀರೆ ಉಡೋ ಮುಂಚೆ ಹೂ ಮುಡಿದಿದ್ದೀಯಾ?”

“ಉಟ್ಟು ಬರೋ ಹೊತ್ತಿಗೆ ಇವನಿರಲ್ಲ,” ಎಂದಿತು ಮರ.

ಇದ್ದುದನ್ನೆಲ್ಲ ಒಂದೇ ದಿನ ಅರಳಿಸುವಂತಿರಲಿಲ್ಲ. ಇಂದು ಈ ಕೊಂಬೆಯಲ್ಲಿ ಒಂದು, ನಾಳೆ ಆ ಕೊಂಬೆಯಲ್ಲಿ ಒಂದು. ಪ್ರತಿದಿನವೂ ಬೇರನ್ನು ತಡವಿ ನೋಡುವುದು, ಇನ್ನೆಷ್ಟು ಉಳಿದಿದೆಯೋ ಎಂದು ಚಡಪಡಿಸುವುದು.

ಕೊನೆಗೆ ಹಿಮಕ್ಕೇ ಸಾಕಾಯಿತು. ಕಿನು ಅಜ್ಜಿ ಬಂದು ಹಗ್ಗ ಬಿಚ್ಚುತ್ತ ರೇಗಿದಳು. “ನಾನು ಹೇಳಿದ್ದೇನು, ನೀನು ಮಾಡಿದ್ದೇನು?”

ಚಾಪೆಯೊಳಗಿಂದ ಹಕ್ಕಿಯೊಂದು ಪುರ್ರನೆ ಹಾರಿತು. ಮುಖವೆಲ್ಲ ಹೂವಿನ ಹಳದಿ ಪುಡಿ. ಅಜ್ಜಿ ಕೊಂಬೆಯ ತುದಿಯನ್ನು ಬೆರಳಿನಿಂದ ಸವರಿದಳು. ಅಲ್ಲಿ ಸಾಸಿವೆಯಷ್ಟು ಹಸಿರು ಇಣುಕುತ್ತಿತ್ತು.

“ಸರಿ,” ಎಂದಳು. “ನೀನು ಹೀಗೇ ಇರು.”

ಇಂದಿಗೂ ಜಪಾನಿನ ತೋಟಗಳಿಗೆ ಪ್ಲಮ್ ಹೂ ನೋಡಲು ಹೋಗುವವರು ಮಫ್ಲರ್ ಸುತ್ತಿಕೊಂಡೇ ಹೋಗುತ್ತಾರೆ. ಕೊಂಬೆಯಲ್ಲಿ ಎಲೆ ಇರುವುದಿಲ್ಲ. ಒಂದು ಹೂ ಅರಳಿದ್ದರೆ ಪಕ್ಕದ ಮೊಗ್ಗು ಬಿಗಿಯಾಗಿ ಮುಚ್ಚಿರುತ್ತದೆ. ಅದು ನಾಳೆಯ ಊಟ.