ಹಣಿಗೆಕಲ್ಲು

ಮೂಡಬೇಲೆಯ ಅಳಿವೆಯಲ್ಲಿ, ಹೊಳೆ ಕಡಲಿಗೆ ಸೇರುವ ಕಡೆ, ಒಂದು ಕರಿಬಂಡೆಯಿದೆ. ಭರತದ ಹೊತ್ತಿಗೆ ಅದರ ನೆತ್ತಿ ಮಾತ್ರ ಕಾಣುತ್ತದೆ, ಇಳಿತಕ್ಕೆ ನಡೆದೇ ಹೋಗಬಹುದು. ಅದಕ್ಕೆ ಹಣಿಗೆಕಲ್ಲು ಎಂದು ಹೆಸರು. ಮೈಮೇಲಿನ ಸಾಲುಗೀರುಗಳು ಬಾಚಣಿಗೆಯ ಹಲ್ಲಿನಂತೆ ಕಾಣುವುದರಿಂದ ಈ ಹೆಸರು ಬಂತೆಂದು ಪೇಟೆಯಿಂದ ಬಂದವರು ತಾವೇ ತೀರ್ಮಾನಿಸಿಕೊಂಡು ಹೋಗುತ್ತಾರೆ. ಗೀರು ಯಾವ ಬಂಡೆಗಿಲ್ಲ? ಊರಿನ ಹಿರಿಯರು ಹೇಳುವ ಕತೆಯೇ ಬೇರೆ, ಅದನ್ನು ಅವರು ಹೇಳುವುದೂ ಸ್ವಲ್ಪ ತಲೆತಗ್ಗಿಸಿಯೇ.

ಹಿಂದೆ ಒಮ್ಮೆ, ಹಾಯಿ ಕಟ್ಟಿದ ಮಚ್ವೆಗಳು ಇಲ್ಲಿಂದ ಮಲಬಾರಿಗೂ ಮಸ್ಕತ್ತಿಗೂ ಹೋಗುತ್ತಿದ್ದ ಕಾಲ. ಗಾಳಿ ಬಿದ್ದು ಹಾಯಿ ಜೋತಾಗ ಮಚ್ವೆಯಲ್ಲಿ ದುಡಿಯುವ ಕಲಾಸಿಗಳಿಗೆ ಕೆಲಸವಿರುತ್ತಿರಲಿಲ್ಲ. ಆಗ ಮದುವೆ ಗೊತ್ತಾದ ಹುಡುಗರು ತೆಂಗಿನ ಗರಟೆಯನ್ನೋ ಕೋಡನ್ನೋ ಹಿಡಿದು ತಮ್ಮ ಹುಡುಗಿಗೆ ಹಣಿಗೆ ಕೊರೆಯುತ್ತಿದ್ದರು. ಮಳೆಗಾಲಕ್ಕೆ ಮುಂಚೆ ಮಚ್ವೆಗಳನ್ನು ದಡಕ್ಕೆ ಎಳೆಯುವ ದಿನ ಹುಡುಗಿಯರು ಅದನ್ನು ಮುಡಿಗೆ ಸಿಕ್ಕಿಸಿಕೊಂಡು ಬರಬೇಕು, ಹೆಂಗಸರು ತೆಗೆತೆಗೆದು ನೋಡಿ ಹುಡುಗನ ಯೋಗ್ಯತೆ ಅಳೆಯಬೇಕು. ಅವನಿಗೆ ಹಾಯಿ ಬಿಚ್ಚಲು ಬಂದರೆಷ್ಟು, ಬಾರದಿದ್ದರೆಷ್ಟು, ಹಣಿಗೆ ಮಾತ್ರ ಚೆಂದವಿರಬೇಕು.

ಸೋಮಿ ಎಂಬವಳಿಗೆ ಮದುವೆ ಗೊತ್ತಾಗಿದ್ದ ಹುಡುಗ ಜಟ್ಟು. ಚುಕ್ಕಾಣಿ ಹಿಡಿದರೆ ಅವನ ಸಮಕ್ಕೆ ಯಾರೂ ಇಲ್ಲ, ಚೂರಿ ಹಿಡಿದರೆ ಮಾತ್ರ ದೇವರೇ ಗತಿ. ಅವನು ತಂದುಕೊಟ್ಟ ಗರಟೆಯ ಹಣಿಗೆಯಲ್ಲಿ ಹಲ್ಲುಗಳು ಒಂದು ಅತ್ತ, ಒಂದು ಇತ್ತ. ಗೆಳತಿಯರು ಏನೆಂದಾರು ಎಂದು ನೆನೆದೇ ಸೋಮಿಗೆ ಮೈ ಹಿಡಿಯಾಯಿತು. ಒಣಮೀನು ಕೊಟ್ಟು ಸಂತೆಯಿಂದ ನವಿಲು ಕೆತ್ತಿದ ಕೋಡಿನ ಹಣಿಗೆಯೊಂದನ್ನು ತಂದಳು. ಜಟ್ಟುವಿನದನ್ನು ಇಳಿತದ ಹೊತ್ತಿನಲ್ಲಿ ಆ ಬಂಡೆಯ ಸೀಳಿನೊಳಗೆ ಬಿಸಾಡಿದಳು. ಯಾರೂ ನೋಡಲಿಲ್ಲ.

ಮಚ್ವೆ ಎಳೆದ ದಿನ, ಅದನ್ನು ನಡೆಸುವ ತಾಂಡೇಲನ ಹೆಂಡತಿ ಬೀರಕ್ಕ ಆ ನವಿಲನ್ನು ಕಂಡು ಜಟ್ಟುವನ್ನು ಕರೆದಳು. "ಇಷ್ಟ್ ಚಂದದ ಕೈ ಎಲ್ಲಿ ಮುಚ್ಚಿಟ್ಕಂಡಿದ್ಯೋ? ನಿಂದೇ ಕೆಲ್ಸ ಹೌದಾ?" ಜಟ್ಟು ಹಣಿಗೆಯನ್ನು ನೋಡಿದ, ಸೋಮಿಯನ್ನು ನೋಡಿದ. "ಹೌದು ಬೀರಕ್ಕ, ನಾನೇ ಮಾಡದ್ದು" ಎಂದ. ಸೋಮಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ಸುಳ್ಳು ಅಲ್ಲಿಗೇ ನಿಲ್ಲಲಿಲ್ಲ. ಮಗಳಿಗೂ ಅಂಥದೇ ಒಂದು ಬೇಕೆಂದು ಬೀರಕ್ಕ ಒಳ್ಳೆಯ ಕೋಡನ್ನು ಕೊಟ್ಟು ಕಳಿಸಿದಳು. ಜಟ್ಟು ಮಳೆಗಾಲವಿಡೀ ಅದರೊಂದಿಗೆ ಗುದ್ದಾಡಿ, ಕೋಡನ್ನು ಸೀಳಿ, ಬರಿಗೈಯಲ್ಲಿ ಹೋಗಿ ನಿಂತ. "ಹುಡ್ಗಿಗೆ ಕೆತ್ತೂಕೆ ಬರೂ ಕೈ, ಅನ್ನ ಹಾಕೂ ಮನೆಗೆ ಕೆತ್ತೂಕೆ ಬರೂದಿಲ್ಲ ಅಲ್ದಾ?" ಎಂದಳು ಬೀರಕ್ಕ. ಅಹಂಕಾರವೆಂದೇ ತಿಳಿದ ತಾಂಡೇಲ ತನ್ನ ಮಚ್ವೆಯ ಚುಕ್ಕಾಣಿಗೆ ಅವನ ಬದಲು ಬೇರೆಯವನನ್ನು ಗೊತ್ತುಮಾಡಿದ. ಆಗಲೂ ಜಟ್ಟು ಬಾಯಿಬಿಡಲಿಲ್ಲ.

ಮಚ್ವೆ ನೀರಿಗಿಳಿಯುವ ಬೆಳಿಗ್ಗೆ, ಚುಕ್ಕಾಣಿ ಹಿಡಿಯಬೇಕಾದವನು ದಡದಲ್ಲಿ ಹೆಂಗಸರ ಜೊತೆ ಬುಟ್ಟಿ ಹೊರುತ್ತಿರುವುದನ್ನು ಕಂಡು ಸೋಮಿಗೆ ತಡೆಯಲಾಗಲಿಲ್ಲ. ಮೊಣಕಾಲುದ್ದ ನೀರಿಗಿಳಿದು ಮುಡಿಯಿಂದ ಹಣಿಗೆಯನ್ನು ಕಿತ್ತು ಹಿಡಿದಳು. "ಇದು ಸಂತೇದು, ತಾಂಡೇಲರೇ. ಅವ ಮಾಡ್ಕೊಟ್ಟದ್ದು ತೋರ್ಸೂಕೆ ನಂಗೆ ನಾಚ್ಕೆ ಆಯ್ತು, ಬಿಸಾಡ್ದೆ. ನನ್ ಮಾನ ಕಾಯೂಕೆ ಅವ ಸುಳ್ ಹೇಳ್ದ." ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ, ಸೋಮಿಯದು ಹಣಿಗೆಗೆ ಹೋಗಿತ್ತು. ತಾಂಡೇಲ ಜಟ್ಟುವಿಗೆ ಮಚ್ವೆ ಹತ್ತಲು ಸನ್ನೆ ಮಾಡಿದ. ಜಟ್ಟು ಅವಳನ್ನು ಬೈಯಲಿಲ್ಲ. ಪಕ್ಕದಲ್ಲಿ ಹಾಯುವಾಗ ಒಂದೇ ಮಾತು ಕೇಳಿದ: "ಬಿಸಾಡೂಕೆ ಮೊದ್ಲು ಒಂದ್ಸಲನಾದ್ರೂ ತಲೆ ಬಾಚ್ಕಂಡಿದ್ಯಾ?"

ಅವಳು ಬಾಚಿಕೊಂಡಿರಲಿಲ್ಲ.

ಮಚ್ವೆ ಕಣ್ಮರೆಯಾದ ಮೇಲೆ ಇಳಿತಕ್ಕೆ ಕಾದು ಬಂಡೆಗೆ ಹೋದಳು. ಸೀಳಿನೊಳಗೆ ತೋಳಿನವರೆಗೂ ಕೈ ಹಾಕಿದಾಗ ಬೆರಳ ತುದಿಗೆ ಹಲ್ಲುಗಳು ತಾಗಿದವು, ಹಿಡಿತಕ್ಕೆ ಸಿಗಲಿಲ್ಲ. ಮರುವರ್ಷ ಜಟ್ಟು ಅವಳನ್ನೇ ಮದುವೆಯಾದ, ಮಕ್ಕಳೂ ಆದವು. ಆದರೆ ಅವನು ಮತ್ತೆ ಏನನ್ನೂ ಕೊರೆಯಲಿಲ್ಲ, ಅವಳಿಗೆ ಕೇಳುವ ಮುಖವಿರಲಿಲ್ಲ. ಮುದುಕಿಯಾಗುವವರೆಗೂ ದೊಡ್ಡ ಇಳಿತದ ದಿನಗಳಲ್ಲಿ ಬಂಡೆಯ ಸೀಳಿಗೆ ಕೈಯಿಟ್ಟು ಕೂತಿರುತ್ತಿದ್ದಳು ಎನ್ನುತ್ತಾರೆ.

ಈಗಲೂ ಇಳಿತಕ್ಕೆ ಹೋದರೆ ಆ ಸೀಳು ಕಾಣುತ್ತದೆ. ನೋಡಲು ಬಂದವರು ಕೈ ಹಾಕುತ್ತಾರೆ. ಒಳಗೆ ಏನೋ ಮೊನೆಮೊನೆಯಾಗಿ ತಾಗುತ್ತದೆ, ಚಿಪ್ಪಿರಬೇಕು ಎಂದು ನಗುತ್ತ ಕೈ ತೆಗೆಯುತ್ತಾರೆ. ಚಿಪ್ಪೇ ಇರಬಹುದು. ಊರಿನ ಹೆಂಗಸರು ಮಾತ್ರ ಅದರ ಪಕ್ಕದಲ್ಲಿ ಹಾಯುವಾಗ ಸೆರಗೆಳೆದು ಕೂದಲು ಮುಚ್ಚಿಕೊಳ್ಳುತ್ತಾರೆ.