ಎಡಕ್ಕೆ ನೂರು ಸುತ್ತು

ಕಣ್ಣು ಕಟ್ಟಿಸಿಕೊಂಡು ಬಲಕ್ಕೇ ಸುತ್ತಿ ಸುತ್ತಿ ಬೆನ್ನು ಸೊಟ್ಟಗಾದ ಗಾಣದ ಎತ್ತೊಂದು ಕೆರೆಯಾಚೆಯ ಕರಡಿಯ ಬಳಿ ಬಂತು. ಮೂಳೆ ಕೂರಿಸುವುದರಲ್ಲಿ ಆ ಕರಡಿಯದು ಪಳಗಿದ ಕೈ. ಬೆನ್ನೆಲುಬನ್ನು ತಡವಿ ಒಮ್ಮೆ ಬಲವಾಗಿ ಒತ್ತಿತು. ಲಟಕ್ಕೆಂದು ಸದ್ದಾಯಿತು, ಬೆನ್ನು ನೆಟ್ಟಗಾಯಿತು.

"ನಾನು ಮಾಡಿದ್ದು ಅರ್ಧ ಕೆಲಸ," ಎಂದಿತು ಕರಡಿ. "ದಿನವೂ ನೊಗ ಇಳಿಸಿದ ಮೇಲೆ ಎಡಕ್ಕೆ ನೂರು ಸುತ್ತು ನಡೆ. ಉಳಿದರ್ಧ ಅದು."

"ಪಂಡಿತರೇ, ದಿನವಿಡೀ ನಡೆಯುವವನಿಗೆ ಮತ್ತೆ ನಡಿಗೆಯೇ?" ಎಂದು ನಕ್ಕ ಎತ್ತು, ನೊಗ ಇಳಿದೊಡನೆ ಮಲಗಿತು. ತಿಂಗಳಿಗೆ ಮತ್ತೆ ಬಂತು. ಕರಡಿ ಮತ್ತೆ ಒತ್ತಿತು, ಮತ್ತೆ ಅದನ್ನೇ ಹೇಳಿತು. ಹೀಗೇ ನಾಲ್ಕು ವರ್ಷ ಕಳೆಯಿತು.

ಒಂದು ಬೆಳಿಗ್ಗೆ ಎತ್ತಿಗೆ ನೊಗ ಹೊರಲಾಗಲಿಲ್ಲ. ಗಾಣದವನು ಅದರ ಹಗ್ಗ, ಕಣ್ಣಪಟ್ಟಿ ಎರಡನ್ನೂ ಬಿಚ್ಚಿ ಹೊಸ ಎತ್ತಿಗೆ ಕಟ್ಟಿದ. ಮುದಿ ಎತ್ತು ಕರಡಿಯತ್ತ ಹೊರಟಿತು. ನೋವಿಗೆ ಕಣ್ಣು ಮುಚ್ಚಿಕೊಂಡೇ ಸಂಜೆಯವರೆಗೆ ನಡೆಯಿತು. ಆಮೇಲೆ ಮುಂದೆ ಯಾರೋ ನಡೆಯುತ್ತಿರುವ ಸದ್ದು ಕೇಳಿ, "ಕೆರೆ ಇನ್ನೆಷ್ಟು ದೂರ?" ಎಂದು ಕೂಗಿತು.

"ನನಗೆ ಕಣ್ಣು ಕಟ್ಟಿದ್ದಾರೆ, ಅಜ್ಜಾ," ಎಂದಿತು ಹೊಸ ಎತ್ತು. "ಆದರೆ ಬೆಳಗಿನಿಂದ ನಿಮ್ಮ ಗೊರಸಿನ ಸದ್ದು ನನ್ನ ಹಿಂದೆಯೇ ಸುತ್ತುತ್ತಿದೆ."