ನಲವತ್ತೊಂದು ಬೆರಳು ಬಾಗಿದ ಗೋಪುರ

ಗಲಾಟೆ ನಿಲ್ಲಿಸಿ ಕುಳಿತುಕೊಳ್ಳಿ. ಕಥೆಯನ್ನು ಒಮ್ಮೆ ಹೇಳುತ್ತೇನೆ, ಮೊದಲಿನಿಂದ ಕೊನೆಯವರೆಗೆ. ನಡುವೆ ಏಳುವಂತಿಲ್ಲ.

ಒಂದಾನೊಂದು ಕಾಲದಲ್ಲಿ ಕೆಂಗಲ್ಲೂರು ಎಂಬ ಊರಿತ್ತಂತೆ. ಊರ ಸುತ್ತ ಕೆಂಪು ಕಲ್ಲು, ಕಲ್ಲಿನೊಳಗೆ ಕಬ್ಬಿಣ. ಆ ನಾಡಿನ ಅರಸನಿಗೆ ಕಬ್ಬಿಣ ಬೇಕಾಯಿತಂತೆ. ಕಲ್ಲು ಕರಗಿಸಲು ಒಂದು ಮಹಾಕುಲುಮೆ, ಅದರ ಹೊಗೆ ಹೋಗಲು ನಲವತ್ತು ಮೊಳದ ಇಟ್ಟಿಗೆಯ ಗೋಪುರ. ಇಷ್ಟನ್ನು ಕಟ್ಟಿಕೊಡು ಎಂದು ತಿಪ್ಪರಸ ಎಂಬ ಗುತ್ತಿಗೆದಾರನಿಗೆ ವೀಳ್ಯ ಕೊಟ್ಟನಂತೆ.

ಅದೇ ದಿನ ಕೆಂಗಲ್ಲೂರಿನ ಪಂಚರಿಗೂ ಒಂದು ಅಪ್ಪಣೆ ಬಂತು. ಅದನ್ನು ಊರಕಟ್ಟೆಯ ಕಲ್ಲಿನಲ್ಲಿ ಕೊರೆಸಿದರು: 'ಯಾವ ಊರಿನ ಎಲ್ಲೆಯೊಳಗೆ ಕಟ್ಟಡ ಏಳುವುದೋ, ಆ ಊರಿನ ಪಂಚರು ಪ್ರತಿ ಅಮಾವಾಸ್ಯೆಗೆ ಹೋಗಿ ನೋಡಿಬರತಕ್ಕದ್ದು. ಅಂದು ಯಾರ ಕೈಯಿಂದಲೂ ಕೆಲಸ ಮಾಡಿಸತಕ್ಕದ್ದಲ್ಲ.'

ಏನನ್ನು ನೋಡಬೇಕು ಎಂದು ಕಲ್ಲಿನಲ್ಲಿ ಬರೆದಿರಲಿಲ್ಲ. ಇದನ್ನು ನೆನಪಿಡಿ.

ಗೋಪುರ ಕಟ್ಟಲು ತಿಪ್ಪರಸ ಬಡಗಣ ಸೀಮೆಯಿಂದ ನಲವತ್ತೊಂದು ಆಳುಗಳನ್ನು ಕರೆತಂದ. ಏಳು ಕೆರೆ, ಏಳು ಗುಡ್ಡ ದಾಟಿದರೆ ಅವರ ಊರು. ಹೊಸಬಾವಿ ಎಂದು ಹೆಸರು. ಏಳು ತಿಂಗಳ ಮಾತು.

ಹೊಸಬಾವಿಯಲ್ಲಿ ಒಂದು ಪದ್ಧತಿಯಿತ್ತಂತೆ. ದುಡಿಯಲು ದೂರ ಹೋಗುವವರು ಹೊರಡುವ ದಿನ ಎರಡು ಹುರಿ ಹೊಸೆಯುತ್ತಿದ್ದರು. ಎಷ್ಟು ತಿಂಗಳ ಮಾತೋ ಎರಡರಲ್ಲೂ ಅಷ್ಟು ಗಂಟು. ಒಂದು ಹುರಿ ಹೋಗುವವನ ಸೊಂಟಕ್ಕೆ, ಇನ್ನೊಂದು ಮನೆಯ ಗೂಟಕ್ಕೆ. ಅಮಾವಾಸ್ಯೆ ಬಂದಾಗ ಅವನು ಅಲ್ಲಿ ಒಂದು ಗಂಟು ಬಿಚ್ಚಬೇಕು, ಮನೆಯವಳು ಇಲ್ಲಿ ಒಂದು ಗಂಟು ಬಿಚ್ಚಬೇಕು. ನಡುವೆ ಓಲೆಯಿಲ್ಲ, ಮಾತಿಲ್ಲ. ಆ ಒಂದು ದಿನ ಇಬ್ಬರ ಬೆರಳೂ ಒಂದೇ ಕೆಲಸ ಮಾಡುತ್ತವೆ. ಅಷ್ಟೇ ಸಮಾಧಾನ.

ಆ ನಲವತ್ತೊಂದು ಜನರಲ್ಲಿ ಮಾಳಿಂಗ ಎಂಬವನೊಬ್ಬ. ಗೋಡೆ ಕಟ್ಟುವುದರಲ್ಲಿ ಗಟ್ಟಿಗ. ಅವನ ಹೆಂಡತಿ ಹೊನ್ನವ್ವ ಆಗ ಎರಡು ತಿಂಗಳ ಬಸುರಿ.

"ಏಳನೇ ಗಂಟು ಬಿಚ್ಚೂದರಾಗ ಬಾ," ಎಂದಳಂತೆ ಹೊನ್ನವ್ವ. "ಕೂಸು ನಿನ್ನ ದಾರಿ ಕಾಯತೈತಿ."

"ಕೂಸಿಗಿಂತ ಮೊದಲ ನಾ ಬಂದಿರತೀನಿ," ಎಂದ ಮಾಳಿಂಗ.

ಕೆಂಗಲ್ಲೂರಿಗೆ ಬಂದ ದಿನವೇ ತಿಪ್ಪರಸ ಎಲ್ಲರ ಹುರಿಗಳನ್ನು ಕೇಳಿದ.

"ಸೊಂಟದಾಗ ಹುರಿ ಕಟಗೊಂಡು ಏಣಿ ಹತ್ತಬ್ಯಾಡ್ರಪಾ, ಸಿಕ್ಕೊಂಡು ಬಿದ್ದೀರಿ. ನನ್ನ ಪೆಟ್ಟಿಗ್ಯಾಗ ಇರಲಿ. ಅಮಾಸಿಗೊಮ್ಮೆ ನಾನ ಬಿಚ್ಚತೀನಿ."

ಕೊಟ್ಟರು. ಅದು ಅವರ ತಪ್ಪು.

ನಾಲ್ಕು ಅಮಾವಾಸ್ಯೆ ತಿಪ್ಪರಸ ಸರಿಯಾಗಿ ಗಂಟು ಬಿಚ್ಚಿದನಂತೆ. ಐದನೆಯ ತಿಂಗಳು ಮಳೆ ಬಂತು. "ಮಳೀ ತಿಂಗಳು ಎಣಿಕೆಗೆ ಇಲ್ಲ," ಎಂದ. ಬಿಚ್ಚಲಿಲ್ಲ. ಆರನೆಯ ತಿಂಗಳು ಆಳುಗಳ ದೊಡ್ಡಿಯೊಳಗೆ ಜ್ವರ ಹೊಕ್ಕಿತು. "ಜ್ವರದ ತಿಂಗಳೂ ಇಲ್ಲ," ಎಂದ. ಬಿಚ್ಚಲಿಲ್ಲ.

ಅಲ್ಲಿಂದ ಮುಂದೆ ಗೋಪುರ ಬಾಗತೊಡಗಿತಂತೆ.

ಸಂಜೆ ಗುಂಡುದಾರ ಇಳಿಬಿಟ್ಟು ನೋಡಿದರೆ ನೆಟ್ಟಗೆ. ಬೆಳಗ್ಗೆ ನೋಡಿದರೆ ಕೂದಲೆಳೆಯಷ್ಟು ಬಡಗಣಕ್ಕೆ. ಕೂದಲೆಳೆ ಬೆರಳಾಯಿತು, ಬೆರಳು ಹತ್ತಾಯಿತು. ಕಟ್ಟುವವರಿಗೂ ಕಾರಣ ತಿಳಿಯಲಿಲ್ಲ. ಅಟ್ಟಣಿಗೆಯ ತುದಿಗೆ ಹತ್ತಿದರೆ ಮೂರನೆಯ ಗುಡ್ಡದವರೆಗೆ ಕಾಣುತ್ತಿತ್ತು. ಅದರಾಚೆ ಮಬ್ಬು. ಮಬ್ಬಿನಾಚೆ ಊರು. ಇಟ್ಟಿಗೆ ಒಯ್ಯುವ ನೆಪ, ನೀರು ಒಯ್ಯುವ ನೆಪ. ದಿನಕ್ಕೊಮ್ಮೆ ಎಲ್ಲರೂ ಮೇಲೆ ಹತ್ತುತ್ತಿದ್ದರು. ಮಾಳಿಂಗ ಒಂದು ಇಟ್ಟಿಗೆ ಇಡುತ್ತಿದ್ದ, ಒಮ್ಮೆ ಬಡಗಣಕ್ಕೆ ನೋಡುತ್ತಿದ್ದ. ಇನ್ನೊಂದು ಇಟ್ಟಿಗೆ ಇಡುತ್ತಿದ್ದ, ಇನ್ನೊಮ್ಮೆ ನೋಡುತ್ತಿದ್ದ.

ಪಂಚರೇನು ಮಾಡುತ್ತಿದ್ದರು ಎನ್ನುವಿರಾ? ತಪ್ಪದೆ ಹೋಗುತ್ತಿದ್ದರು. ಮುಂದೆ ಕೊಂಬಿನವನು, ಹಿಂದೆ ಹಿರೇಪಂಚ ಬಸವಂತಗೌಡ, ಅವನ ಹಿಂದೆ ನಾಲ್ವರು. ಊರಬಾಗಿಲಲ್ಲಿ ಕೊಂಬು ಊದಿದರೆ ಕುಲುಮೆಯವರೆಗೆ ಕೇಳುತ್ತಿತ್ತು. ಕೇಳಿದೊಡನೆ ತಿಪ್ಪರಸ ಆಳುಗಳನ್ನು ದೊಡ್ಡಿಯೊಳಗೆ ಕೂಡಿ ಅಗಳಿ ಹಾಕುತ್ತಿದ್ದ. ಪಂಚರು ಬರುವಾಗ ಚಪ್ಪರ, ಚಾಪೆ, ಒಗ್ಗರಣೆ ಹಾಕಿದ ಮಜ್ಜಿಗೆ. ಪಂಚರು ಕುಡಿದು, ಕತ್ತೆತ್ತಿ ಗೋಪುರ ನೋಡಿ, ಎಷ್ಟು ಮೊಳ ಎದ್ದಿತೆಂದು ಕೇಳಿ ಹಿಂದಿರುಗುತ್ತಿದ್ದರು.

ಏಳನೆಯ ಅಮಾವಾಸ್ಯೆಗೆ ಗೌಡ ಕೇಳಿದ, "ಯಾಕ ಬಾಗೈತಿ?"

"ಸುಣ್ಣ ಸರಿ ಇಲ್ಲ ಗೌಡ್ರ," ಎಂದ ತಿಪ್ಪರಸ. ಸುಣ್ಣ ಬದಲಾಯಿಸಿದರು.

ಎಂಟನೆಯ ಅಮಾವಾಸ್ಯೆಗೆ ಕೇಳಿದ. "ಇಟ್ಟಂಗಿ ಸರಿ ಇಲ್ಲ ಗೌಡ್ರ." ಇಟ್ಟಿಗೆ ಬದಲಾಯಿಸಿದರು.

ಒಂಬತ್ತನೆಯ ಅಮಾವಾಸ್ಯೆಗೆ ಕೇಳಿದ. "ಗಾಳಿ ಸರಿ ಇಲ್ಲ ಗೌಡ್ರ." ಗಾಳಿಯನ್ನು ಬದಲಾಯಿಸುವುದು ಹೇಗೆ? ಮಜ್ಜಿಗೆ ಕುಡಿದು ಹಿಂದಿರುಗಿದರು.

ಇತ್ತ ಹೊಸಬಾವಿಯಲ್ಲಿ ಹೊನ್ನವ್ವನಿಗೆ ಹೆಣ್ಣು ಕೂಸು ಹುಟ್ಟಿತಂತೆ. ಆ ಊರಿನ ರೂಢಿಯಂತೆ ತಂದೆಯ ಕೈಯಿಂದಲೇ ಕೂಸು ತೊಟ್ಟಿಲಿಗೆ ಇಳಿಯಬೇಕು; ಇಳಿದ ಮೇಲೆ ಸೋದರತ್ತೆ ಹೆಸರು ಕೂಗಬೇಕು. ತಂದೆಯಿಲ್ಲ. ತೊಟ್ಟಿಲಿಲ್ಲ. ಹೆಸರಿಲ್ಲ. ಎಲ್ಲರೂ 'ಕೂಸು' ಎಂದೇ ಕರೆದರು.

ಏಳನೆಯ ಗಂಟು ಬಿಚ್ಚಿದ ದಿನ ಹೊನ್ನವ್ವ ಕಾಲು ತೊಳೆಯಲು ತಂಬಿಗೆಯಲ್ಲಿ ನೀರಿಟ್ಟಳು. ಸಂಜೆ ಆ ನೀರನ್ನು ಬದನೆಗಿಡಕ್ಕೆ ಸುರಿದಳು. ಎಂಟನೆಯ ಅಮಾವಾಸ್ಯೆಗೆ ಬಿಚ್ಚಲು ಗಂಟಿರಲಿಲ್ಲ. ಹುರಿಯನ್ನು ಬೆರಳಲ್ಲಿ ಸವರಿದಳು. ನೀರಿಟ್ಟಳು, ಸುರಿದಳು. ಒಂಬತ್ತನೆಯದಕ್ಕೂ ಇಟ್ಟಳು, ಸುರಿದಳು. ಮುಂದಿನ ಹುಣ್ಣಿಮೆಗೆ ಗೂಟದಿಂದ ಹುರಿ ಇಳಿಸಿದಳು, ಕೂಸನ್ನು ಬೆನ್ನಿಗೆ ಕಟ್ಟಿದಳು, ನಡೆದಳು.

ಏಳು ಗುಡ್ಡ ಹತ್ತಿದಳಂತೆ, ಏಳು ಗುಡ್ಡ ಇಳಿದಳಂತೆ. ಏಳನೆಯ ಕೆರೆಯ ಹತ್ತಿರ ದಾರಿ ಮೂರಾಯಿತು. ನೀರಿನಲ್ಲಿ ಒಂಟಿಕಾಲಲ್ಲಿ ಒಂದು ಕೊಕ್ಕರೆ ನಿಂತಿತ್ತು.

"ಕೊಕ್ಕರಣ್ಣಾ, ಕೆಂಗಲ್ಲೂರಿಗೆ ಯಾವ ದಾರಿ?"

"ದಾರಿ ನನಗೇನು ಗೊತ್ತು ತಂಗಿ, ನಾ ಹಾರಾಂವ," ಎಂದಿತಂತೆ ಕೊಕ್ಕರೆ. "ಆದರ ಒಂದು ಕಂಡೇನಿ. ಲೋಕದಾಗಿನ ಗೋಪುರ ಎಲ್ಲಾ ಆಕಾಶ ನೋಡತಾವ. ಒಂದು ಮಾತ್ರ ನೀ ಬಂದ ದಿಕ್ಕು ನೋಡತೈತಿ. ಅದರ ಮಾರಿಗೆ ಮಾರಿ ಕೊಟ್ಟು ನಡಿ."

ಹಾಗೆಯೇ ನಡೆದಳು. ಹತ್ತನೆಯ ಅಮಾವಾಸ್ಯೆಯ ಬೆಳಗ್ಗೆ ಕುಲುಮೆಯ ಬಾಗಿಲಿಗೆ ಬಂದಳು. ಕಾವಲಿನವನು ಕೋಲು ಅಡ್ಡ ಹಿಡಿದ.

"ಗಂಟು ಮುಗಿಯೂತನಕ ಯಾರನ್ನೂ ಬಿಡೂದಿಲ್ಲ."

"ಮುಗದು ಮೂರು ತಿಂಗಳಾತಣ್ಣಾ."

"ಅದು ನಿಮ್ಮನಿ ಹುರಿ. ನಮಗ ನಡಿಯೂದು ಪೆಟ್ಟಿಗ್ಯಾಗಿನ ಹುರಿ."

ಹೊನ್ನವ್ವ ಅಳಲಿಲ್ಲ. ಹಿಂದಿರುಗಿ ಊರಕಟ್ಟೆಗೆ ಬಂದಳು. ಪಂಚರು ಹೊರಡಲು ನಿಂತಿದ್ದರು. ಕೊಂಬಿನವನು ಉಸಿರು ತುಂಬಿಕೊಳ್ಳುತ್ತಿದ್ದ.

"ಯಾರವ್ವಾ ನೀನು?" ಎಂದ ಬಸವಂತಗೌಡ. "ನಮ್ಮೂರಾಕಿ ಅಲ್ಲ."

"ಅಲ್ರಿ. ನಿಮ್ಮೂರ ಗೋಪುರ ಕಟ್ಟಾಂವ ನನ್ನ ಗಂಡ. ಕರಕೊಂಡು ಹೋಗಾಕ ಬಂದೇನ್ರಿ."

"ಆಳು ತಿಪ್ಪರಸನ ಆಳು. ನಾವು ಗೋಪುರ ನೋಡವರು."

"ಹತ್ತು ತಿಂಗಳಿಂದ ನೋಡಾಕತ್ತೀರಿ. ಅದು ಯಾವ ಕಡೆ ನೋಡತೈತಿ ಅಂತ ನೋಡೀರೇನ್ರಿ?"

ಪಂಚರಲ್ಲೊಬ್ಬ ನಕ್ಕ. "ಕೇಳ್ರಪಾ, ಬಾಣಂತಿ ನಮಗ ಗೋಡೀ ಪಾಠ ಹೇಳಾಕ ಬಂದಾಳ!"

ಗೌಡ ನಗಲಿಲ್ಲ. ಹೊನ್ನವ್ವ ಗಂಟಿಲ್ಲದ ಹುರಿಯನ್ನು ಅವನ ಪಾದದ ಬಳಿ ಇಟ್ಟು, ಅದರ ಪದ್ಧತಿ ಹೇಳಿದಳು. ಗೌಡ ಕಟ್ಟೆಯ ಕಲ್ಲಿನತ್ತ ತಿರುಗಿ ಅಪ್ಪಣೆಯನ್ನು ಮತ್ತೊಮ್ಮೆ ಓದಿದ. 'ಹೋಗಿ ನೋಡಿಬರತಕ್ಕದ್ದು.' ಇನ್ನೊಮ್ಮೆ ಓದಿದ. ಏನನ್ನು ಎಂದು ಅಲ್ಲಿ ಇರಲಿಲ್ಲ. ಹತ್ತು ತಿಂಗಳಲ್ಲಿ ಮೊದಲ ಸಲ ಅವನಿಗೆ ಅದು ಕಾಣಿಸಿತಂತೆ.

"ಕೊಂಬು ಕೆಳಗಿಡು," ಎಂದ.

ಅಂದು ಪಂಚರು ಸದ್ದಿಲ್ಲದೆ ಹೋದರು. ಹೋಗಿ ಏನು ಕಂಡರು? ಕೆಲಸ ಕೂಡದ ದಿನ ಕೆಲಸ ನಡೆದಿತ್ತು. ಚಪ್ಪರವಿಲ್ಲ, ಚಾಪೆಯಿಲ್ಲ. ಬಿಸಿಲಿನಲ್ಲಿ ಸುಣ್ಣ ಮೆತ್ತಿದ ಜನ. ಹೆಗಲಿನ ಎಲುಬು ಎಣಿಸಬಹುದು. ತಿಪ್ಪರಸ ಓಡಿಬಂದ.

"ಗೌಡ್ರ! ಕೊಂಬು ಕೇಳಲೇ ಇಲ್ಲ! ಮಜ್ಜಿಗಿ ಇನ್ನೂ ಕಡದಿಲ್ಲ!"

"ಮಜ್ಜಿಗಿಗೆ ಬಂದಿಲ್ಲ. ಪೆಟ್ಟಿಗಿ ತಗಿ."

ಹೊನ್ನವ್ವ ತಲೆಯೆತ್ತಿ ನೋಡಿದಳು. ಅಟ್ಟಣಿಗೆಯ ತುದಿಯಲ್ಲಿ ಮಾಳಿಂಗ ನಿಂತಿದ್ದ. ಬಡಗಣಕ್ಕೆ ನೋಡುತ್ತಿದ್ದ.

"ಆ ಕಡೆ ಯಾಕ ನೋಡತಿ? ಇಲ್ಲಿ ನೋಡು," ಎಂದಳು. "ಇಳದು ಬಾ. ಗಂಟು ಮುಗದಾವ."

ಇಳಿದು ಬಂದ. ಕೂಸಿನ ಮುಂದೆ ನಿಂತ. ಎರಡೂ ಕೈ ಮುಂದೆ ಮಾಡಿ ಹಿಂದಕ್ಕೆ ತೆಗೆದುಕೊಂಡ. "ಕೈ ಸುಣ್ಣ ಐತಿ," ಎಂದ.

ಪೆಟ್ಟಿಗೆ ತೆರೆಸಿ ಗೌಡ ಮಾಳಿಂಗನ ಹುರಿ ಹಿಡಿದು ನೋಡಿದ. ಅದರಲ್ಲಿ ಇನ್ನೂ ಮೂರು ಗಂಟು.

"ಮನಿ ಹುರಿಯಾಗ ಒಂದೂ ಇಲ್ಲ. ಇದರಾಗ ಮೂರು ಹೆಂಗ?"

"ಒಂದು ತಿಂಗಳು ಮಳಿ," ಎಂದ ತಿಪ್ಪರಸ. "ಒಂದು ತಿಂಗಳು ಜ್ವರ. ನಾಲ್ಕು ತಿಂಗಳು ಗೋಪುರ ಬಾಗೇತಿ. ಬಾಗಿದ ತಿಂಗಳಿಗೆ ಗಂಟು ಬಿಚ್ಚಾಕ ಬರೂದಿಲ್ರಿ."

ಆಗ ಗೌಡ ಮಾಳಿಂಗನತ್ತ ತಿರುಗಿದ. ಹತ್ತು ತಿಂಗಳಲ್ಲಿ ಒಬ್ಬ ಆಳಿಗೆ ಪಂಚರು ಕೇಳಿದ ಮೊದಲ ಪ್ರಶ್ನೆ ಅದು.

"ನೀ ಹೇಳಪಾ. ಯಾಕ ಬಾಗತೈತಿ?"

ಮಾಳಿಂಗ ತಡೆದು ಹೇಳಿದ. "ಗುಂಡು ಬಿಟ್ಟು ನೆಟ್ಟಗ ಕಟ್ಟತೀವ್ರಿ. ಆದರ ಕಣ್ಣು ಊರ ಕಡೆ ಹೋಗತಾವ. ಕಣ್ಣಿನ ಹಿಂದ ಕೈ ಹೋಗತೈತಿ. ಕೈ ಹಿಂದ ಗೋಡಿ ಹೋಗತಿರಬೇಕು."

ಊರು ನೆನೆದರೆ ಗೋಪುರ ಬಾಗುತ್ತದೆ. ಬಾಗಿದರೆ ಗಂಟು ಬಿಚ್ಚುವುದಿಲ್ಲ. ಬಿಚ್ಚದಿದ್ದರೆ ಊರು ಇನ್ನಷ್ಟು ನೆನಪಾಗುತ್ತದೆ. ಗೌಡನಿಗೆ ತಿಳಿಯಿತು. ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದ.

"ಸುಣ್ಣ ನೋಡಿದಿವಿ, ಇಟ್ಟಂಗಿ ನೋಡಿದಿವಿ, ಗಾಳಿನೂ ನೋಡಿದಿವಿ," ಎಂದ. "ಇವರನ್ನ ನೋಡಲಿಲ್ಲ. ತಿಪ್ಪರಸಾ, ನಿನ್ನ ತಪ್ಪು ನಿನಗ, ನಮ್ಮ ತಪ್ಪು ನಮಗ. ಮೊದಲ ಗುಂಡುದಾರ ಬಿಡ್ರಿ."

ಗೋಪುರದ ತುದಿಯಿಂದ ಗುಂಡುದಾರ ಬಿಟ್ಟು ಅಳೆದರು. ನಲವತ್ತೊಂದು ಬೆರಳು ಬಾಗಿತ್ತು. ಬೆರಳು ಹೆಚ್ಚಿಲ್ಲ, ಕಡಿಮೆಯಿಲ್ಲ. ಗೌಡ ನೆಲದಲ್ಲಿ ಕುಳಿತು ತನ್ನ ಕೈಯಿಂದ ಗಂಟು ಬಿಚ್ಚಿದನಂತೆ. ಒಬ್ಬನ ಹುರಿ ಬಿಚ್ಚಿದ. ಗೋಪುರ ಒಂದು ಬೆರಳು ನೆಟ್ಟಗಾಯಿತು. ಇನ್ನೊಬ್ಬನದು ಬಿಚ್ಚಿದ, ಇನ್ನೊಂದು ಬೆರಳು. ಹುರಿ ಪಡೆದವನು ಸೊಂಟಕ್ಕೆ ಕಟ್ಟಿಕೊಂಡು ಬಾಗಿಲು ದಾಟಿ ನಿಲ್ಲುತ್ತಿದ್ದ. ಕಾವಲಿನವನು ಕೋಲು ಕೆಳಗಿಳಿಸಿದ್ದ. ಹೀಗೆ ನಲವತ್ತು ಹುರಿ, ನಲವತ್ತು ಬೆರಳು.

ಒಂದು ಹುರಿ ಉಳಿಯಿತು. ಗೌಡ ಅದರ ಗಂಟನ್ನೂ ಬಿಚ್ಚಿದ. ಗೋಪುರ ಅಲುಗಲಿಲ್ಲ.

"ಇದು ಯಾರದು?"

ಯಾರೂ ಕೈ ಚಾಚಲಿಲ್ಲ.

"ಹುಲಿಗೆಪ್ಪಂದು," ಎಂದ ಮಾಳಿಂಗ. "ಜ್ವರದ ತಿಂಗಳ ಹ್ವಾದ. ಅವತ್ತೂ ಅಮಾಸಿ. ಹೊರಗ ನೀವು ಮಜ್ಜಿಗಿ ಕುಡಿಯಾಕತ್ತಿದ್ರಿ. ಒಳಗ ನಾವು ಅವನ ಬಾಯಿಗೆ ನೀರು ಬಿಟ್ಟಿವಿ."

ಗೌಡ ಆ ಹುರಿಯನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡ. ಏಳು ಗುಡ್ಡ, ಏಳು ಕೆರೆ ಬರಿತಲೆಯಲ್ಲಿ ನಡೆದು, ಹುಲಿಗೆಪ್ಪನ ತಾಯಿಯ ಕೈಗೆ ತಾನೇ ಕೊಟ್ಟ. ಆಕೆ ಅವನಿಗೆ ಕುಳಿತುಕೋ ಎನ್ನಲಿಲ್ಲ. ಅವನೂ ಕುಳಿತುಕೊಳ್ಳಲಿಲ್ಲ.

ತಿಪ್ಪರಸನಿಗೇನಾಯಿತು? ಪಂಚರು ಅವನಿಗೂ ಏಳು ಗಂಟಿನ ಹುರಿ ಹೊಸೆದರು. ಏಳು ತಿಂಗಳು ಅದೇ ದೊಡ್ಡಿಯಲ್ಲಿದ್ದು ಇಟ್ಟಿಗೆ ಹೊರಬೇಕೆಂದರು. ಮಳೆ ಬಂದ ತಿಂಗಳೂ ಗಂಟು ಬಿಚ್ಚಿದರು, ಜ್ವರ ಬಂದ ತಿಂಗಳೂ ಬಿಚ್ಚಿದರು. ಏಳಕ್ಕೆ ಏಳು, ಒಂದು ದಿನ ಹೆಚ್ಚು ಇರಿಸಿಕೊಳ್ಳಲಿಲ್ಲ. ನಿಯಮವೆಂದರೆ ಹಾಗೆ.

ಉಳಿದ ಗೋಪುರವನ್ನು ಸಂಜೆಗೆ ಮನೆ ಸೇರುವ ಕೆಂಗಲ್ಲೂರಿನವರೇ ಕಟ್ಟಿ ಮುಗಿಸಿದರು. ಒಂದು ಬೆರಳು ಬಾಗಿದ್ದನ್ನು ಸರಿಪಡಿಸೋಣವೇ ಎಂದು ಅವರು ಕೇಳಿದಾಗ ಗೌಡ ಬೇಡವೆಂದ. ಅದು ಇಂದಿಗೂ ಬಡಗಣಕ್ಕೇ ನೋಡುತ್ತದಂತೆ. ಅಂದಿನಿಂದ ಆ ನಾಡಿನಲ್ಲಿ ಹೊರಗಿನ ಆಳು ಬಂದರೆ ಹುರಿ ಎರಡಲ್ಲ, ಮೂರು. ಮೂರನೆಯದು ಊರಕಟ್ಟೆಯ ಮೇಲೆ, ಎಲ್ಲರ ಕಣ್ಣೆದುರು. ಅಮಾವಾಸ್ಯೆಗೆ ಪಂಚರು ಕೊಂಬಿಲ್ಲದೆ ಹೋಗಿ, ತಲೆ ಎಣಿಸಿ, ಪ್ರತಿಯೊಬ್ಬನನ್ನೂ ಮಾತಾಡಿಸಿ ಬಂದು ಆ ಗಂಟು ಬಿಚ್ಚಬೇಕು. ಕಲ್ಲಿನ ಅಪ್ಪಣೆಯಲ್ಲಿ 'ನೋಡಿಬರತಕ್ಕದ್ದು' ಎಂಬುದಕ್ಕೆ ಮುಂಚೆ 'ಜನರನ್ನು' ಎಂದು ಕೊರೆಸಿದರು.

ಮಾಳಿಂಗ ಊರು ತಲುಪಿದ. ಹೊನ್ನವ್ವ ತಂಬಿಗೆಯಲ್ಲಿ ನೀರಿಟ್ಟಳು. ಆ ದಿನ ಬದನೆಗಿಡಕ್ಕೆ ನೀರು ಸಿಗಲಿಲ್ಲ. ಕಾಲು ತೊಳೆದ. ಕೈಯನ್ನು ಮೂರು ಸಲ ತೊಳೆದ. ಎರಡು ಹುರಿಗಳನ್ನು ಒಂದಾಗಿ ಹೊಸೆದು ತೊಟ್ಟಿಲಿಗೆ ತೂಗುವ ಹಗ್ಗ ಮಾಡಿದ. ಕೂಸನ್ನು ತನ್ನ ಕೈಯಿಂದ ಇಳಿಸಿದ. ಸೋದರತ್ತೆ ಕಿವಿಯಲ್ಲಿ ಹೆಸರು ಕೂಗಿದಳು: ಹುಲಿಗೆವ್ವ.

ಅವರು ಊರು ಸೇರಿದರು, ಕಥೆ ಕಟ್ಟೆ ಸೇರಿತು. ಏಳಿ, ನಿಮಗಾಗಿ ನೀರಿಟ್ಟು ಕಾಯುವವರಿದ್ದಾರೆ; ಹೊತ್ತು ಮೀರಿಸದೆ ಮನೆ ಸೇರಿಕೊಳ್ಳಿ.